ಕಾಲಡಿಯ ಕರಿಹುಳಕ್ಕೆ ಹೆಸರಿಟ್ಟವರು: ಹವಾಯಿ ದ್ವೀಪಗಳ ನೆಲಜೀರುಂಡೆಗಳ ನೂರು ವರ್ಷದ ಲೆಕ್ಕ

ಹೊಲದ ಬದುವಿನ ಕಲ್ಲು ಎತ್ತಿ ನೋಡಿ. ತಿಪ್ಪೆಯ ಪಕ್ಕದ ಕೊಳೆತ ಮರದ ತುಂಡನ್ನು ಮಗುಚಿ ನೋಡಿ. ಕಪ್ಪಗೆ ಹೊಳೆಯುವ ಒಂದು ಹುಳ ಬೆಳಕು ಬಿದ್ದ ಕೂಡಲೇ ಸರಸರನೆ ಓಡಿ ಇನ್ನೊಂದು ಸಂದಿಗೆ ನುಗ್ಗುತ್ತದೆ. ಹಾರುವುದಿಲ್ಲ, ಓಡುತ್ತದೆ. ಕೆಲವನ್ನು ಮುಟ್ಟಿದರೆ ಹಿಂಬದಿಯಿಂದ ಪಟ್ ಎಂದು ಬಿಸಿ ಹೊಗೆ ಬಿಟ್ಟು ಬೆರಳು ಸುಡುತ್ತವೆ. ಇದನ್ನು ಏನೆಂದು ಕರೆಯುತ್ತೀರಿ ಎಂದು ಕೇಳಿದರೆ ಬಹುತೇಕರು ‘ಕರಿಹುಳ’ ಅನ್ನುತ್ತಾರೆ, ಅಷ್ಟೇ.

ವಿಜ್ಞಾನದವರು ಈ ಕುಟುಂಬವನ್ನು ಕ್ಯಾರಬಿಡೆ ಎನ್ನುತ್ತಾರೆ. ನಾವು ಈ ಬರಹದಲ್ಲಿ ನೆಲಜೀರುಂಡೆ ಎಂದು ಕರೆಯೋಣ. ಪ್ರಪಂಚದಲ್ಲಿ ಇವುಗಳ ಸುಮಾರು 40,000 ಪ್ರಭೇದಗಳಿಗೆ ಹೆಸರಿಡಲಾಗಿದೆ. ಹೆಚ್ಚಿನವು ಬೇಟೆಗಾರರು. ಬೆಳೆ ತಿನ್ನುವ ಕಂಬಳಿಹುಳ, ಬಸವನಹುಳದ ಮರಿ, ಸಣ್ಣಪುಟ್ಟ ಮೊಟ್ಟೆಗಳನ್ನು ರಾತ್ರಿ ಹೊತ್ತು ತಿಂದು ಮುಗಿಸುತ್ತವೆ. ಸಂಬಳ ಕೇಳದ ಕಾವಲುಗಾರರು.

ಇವತ್ತು ಹೇಳಹೊರಟಿರುವುದು ಇವುಗಳ ಒಂದು ದೂರದ ಬಳಗದ ಕಥೆ. ಪೆಸಿಫಿಕ್ ಸಾಗರದ ನಡುವೆ, ಅಮೆರಿಕದ ನೆಲದಿಂದ ಸುಮಾರು 3,800 ಕಿಲೋಮೀಟರ್ ದೂರದಲ್ಲಿರುವ ಹವಾಯಿ ದ್ವೀಪಗಳ ಕಥೆ. ಅಲ್ಲಿ ಒಬ್ಬ ಪಾದ್ರಿ, ಒಬ್ಬ ಡಾಕ್ಟರ್, ಬೆಟ್ಟದಲ್ಲಿ ಒಂಟಿಯಾಗಿ ಡೇರೆ ಹಾಕಿದ ಒಬ್ಬ ಯುವಕ, ಅವರ ನಂತರ ಬಂದ ಹಲವರು ಸೇರಿ ನೂರಕ್ಕೂ ಹೆಚ್ಚು ವರ್ಷ ಈ ಕರಿಹುಳಗಳ ಲೆಕ್ಕ ಬರೆದರು. ಹುಳದ ಲೆಕ್ಕ ಬರೆಯುವುದು ಯಾಕೆ ಎಂದು ನಗಬೇಡಿ. ಆ ಲೆಕ್ಕ ಇಲ್ಲದಿದ್ದರೆ ಅಲ್ಲಿ ಏನೇನು ಕಳೆದುಹೋಯಿತು ಎಂಬುದೇ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ದ್ವೀಪಕ್ಕೆ ಬಂದವು ಹೇಗೆ, ರೆಕ್ಕೆ ಹೋದದ್ದು ಹೇಗೆ?

ಹವಾಯಿ ದ್ವೀಪಗಳು ಯಾವ ಭೂಖಂಡದಿಂದಲೂ ತುಂಡಾಗಿ ಬಂದವಲ್ಲ. ಸಮುದ್ರದ ತಳದಿಂದ ಜ್ವಾಲಾಮುಖಿ ಉಕ್ಕಿ ಎದ್ದ ಬೆಟ್ಟಗಳವು. ಈಗಿರುವ ದೊಡ್ಡ ದ್ವೀಪಗಳಲ್ಲಿ ಹಳೆಯದಾದ ಕವಾಯಿಗೆ ಸುಮಾರು 50 ಲಕ್ಷ ವರ್ಷ. ಎಲ್ಲಕ್ಕಿಂತ ಹೊಸದಾದ ಹವಾಯಿ ದ್ವೀಪಕ್ಕೆ ಇನ್ನೂ 10 ಲಕ್ಷ ವರ್ಷವೂ ತುಂಬಿಲ್ಲ. ಅಂದರೆ ಅಲ್ಲಿನ ಗಿಡ, ಹಕ್ಕಿ, ಹುಳ ಎಲ್ಲವೂ ಎಲ್ಲಿಂದಲೋ ಗಾಳಿಯಲ್ಲೋ, ತೇಲುವ ಕಸದಲ್ಲೋ, ಹಕ್ಕಿಯ ಮೈಗೆ ಅಂಟಿಕೊಂಡೋ ಬಂದವು. ಬಂದವು ಬಹಳ ಕಡಿಮೆ. ಆದರೆ ಬಂದವುಗಳ ಸಂತಾನ ಬೆಟ್ಟಬೆಟ್ಟಕ್ಕೆ, ಕಣಿವೆ ಕಣಿವೆಗೆ ಹರಡಿ ಬೇರೆ ಬೇರೆಯಾಯಿತು.

ನೆಲಜೀರುಂಡೆಗಳಲ್ಲಿ ಹಾಗೆ ಬಂದದ್ದು ಬೆರಳೆಣಿಕೆಯ ಪೂರ್ವಜರು. ಅವುಗಳಿಂದ ಇಂದು ಮೂರು ದೊಡ್ಡ ಬಳಗಗಳಾಗಿವೆ. ಒಂದು ಮೆಸಿಕ್ಲೊಥೊರಾಕ್ಸ್. ಇದರ ಮೂಲ ಆಸ್ಟ್ರೇಲಿಯದ ಕಡೆಯದು. ಎರಡನೆಯದು ಬ್ಲ್ಯಾಕ್‌ಬರ್ನಿಯಾ. ಮೂರನೆಯದು ಬೆಂಬಿಡಿಯನ್ ಎಂಬ ಪುಟ್ಟ ಹುಳಗಳ ಗುಂಪು, ಸುಮಾರು 20 ಪ್ರಭೇದ. ಮೂರೂ ಸೇರಿ ಸುಮಾರು 400 ಪ್ರಭೇದ. ಇವುಗಳಲ್ಲಿ ಬಹುಪಾಲು ಒಂದೇ ದ್ವೀಪದಲ್ಲಿ, ಎಷ್ಟೋ ಸಲ ಒಂದೇ ಬೆಟ್ಟದಲ್ಲಿ ಮಾತ್ರ ಸಿಗುತ್ತವೆ. ಪ್ರಪಂಚದ ಬೇರೆ ಎಲ್ಲಿಯೂ ಇಲ್ಲ.

ಇನ್ನೊಂದು ವಿಶೇಷ, ಇವುಗಳಲ್ಲಿ ಹೆಚ್ಚಿನವಕ್ಕೆ ಹಾರಲು ಬರುವುದಿಲ್ಲ. ಮೇಲಿನ ಗಟ್ಟಿ ರೆಕ್ಕೆಯ ಮುಚ್ಚಳ ಇರುತ್ತದೆ. ತೆರೆದು ನೋಡಿದರೆ ಅದರ ಒಳಗಿನ ಹಾರುವ ರೆಕ್ಕೆ ಸಣ್ಣ ಚೂರಾಗಿ ಉಳಿದಿರುತ್ತದೆ. ದ್ವೀಪದ ಹುಳಗಳು ರೆಕ್ಕೆ ಯಾಕೆ ಕಳೆದುಕೊಂಡವು ಎಂಬ ಪ್ರಶ್ನೆ ಚಾರ್ಲ್ಸ್ ಡಾರ್ವಿನ್ ಅವರನ್ನೂ ಕಾಡಿತ್ತು. ಅಟ್ಲಾಂಟಿಕ್‌ನ ಮಡೀರಾ ದ್ವೀಪದಲ್ಲಿ ವೊಲಾಸ್ಟನ್ ಎಂಬುವರು ದಾಖಲಿಸಿದ 550 ಜೀರುಂಡೆ ಪ್ರಭೇದಗಳಲ್ಲಿ 200ಕ್ಕೆ ಹಾರಲಾಗುವುದಿಲ್ಲ ಎಂದು ಡಾರ್ವಿನ್ 1859ರ ತಮ್ಮ ಪುಸ್ತಕದಲ್ಲಿ ಬರೆದರು. ಚೆನ್ನಾಗಿ ಹಾರುವವು ಗಾಳಿಗೆ ಸಿಕ್ಕಿ ಸಮುದ್ರ ಪಾಲಾದವು, ಸೋಮಾರಿಗಳು ಉಳಿದುಕೊಂಡವು ಎಂಬುದು ಅವರ ವಿವರಣೆ.

1943ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಫಿಲಿಪ್ ಡಾರ್ಲಿಂಗ್ಟನ್ ಇದನ್ನು ಪ್ರಶ್ನಿಸಿದರು. ಬೆಟ್ಟ ಮತ್ತು ದ್ವೀಪಗಳ ನೆಲಜೀರುಂಡೆಗಳನ್ನು ಹೋಲಿಸಿ ನೋಡಿ ಅವರು ಹೇಳಿದ್ದಿಷ್ಟು: ಸಮುದ್ರ ಕಾಣದ ಬೆಟ್ಟದ ತುದಿಯಲ್ಲೂ ರೆಕ್ಕೆ ಇಲ್ಲದ ಹುಳಗಳೇ ಜಾಸ್ತಿ. ಜಾಗ ಚಿಕ್ಕದಾಗಿದ್ದು, ವಾತಾವರಣ ಸ್ಥಿರವಾಗಿದ್ದರೆ ಹುಳಕ್ಕೆ ಹಾರಿಹೋಗಿ ಹೊಸ ಜಾಗ ಹುಡುಕುವ ಕೆಲಸವಿಲ್ಲ. ಕೆಲಸವಿಲ್ಲದ ರೆಕ್ಕೆ ಬರೀ ಖರ್ಚು. ಒಂದೇ ಊರಲ್ಲಿ ಎಲ್ಲ ಸಿಗುವಾಗ ಲಾರಿ ಇಟ್ಟುಕೊಳ್ಳುವವರು ಯಾರು?

ಈ ಡಾರ್ಲಿಂಗ್ಟನ್ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗೋಣ. ಎರಡನೇ ಮಹಾಯುದ್ಧದಲ್ಲಿ ಮಲೇರಿಯಾ ತಡೆಯುವ ಸೇನಾ ತಂಡದ ಜೊತೆ ಅವರು ನ್ಯೂಗಿನಿ ದ್ವೀಪಕ್ಕೆ ಹೋದರು. ಕಾಡಿನ ಒಂದು ಹೊಂಡದಲ್ಲಿ ಮೊಸಳೆ ಅವರನ್ನು ಹಿಡಿದು ನೀರಿಗೆ ಎಳೆಯಿತು. ಒದ್ದಾಡಿ ತಪ್ಪಿಸಿಕೊಂಡು ಬಂದರು. ತೋಳಿಗೆ ತಿಂಗಳುಗಟ್ಟಲೆ ಪಟ್ಟಿ. ಆದರೂ ಇನ್ನೊಂದು ಕೈಯಲ್ಲೇ ಜೀರುಂಡೆ ಹಿಡಿಯುವುದನ್ನು ರೂಢಿಸಿಕೊಂಡರು. 1952ರಿಂದ 1971ರವರೆಗೆ ನ್ಯೂಗಿನಿಯ ನೆಲಜೀರುಂಡೆಗಳ ಮೇಲೆ ನಾಲ್ಕು ಭಾಗಗಳ ದೊಡ್ಡ ಕೃತಿ ಪ್ರಕಟಿಸಿದರು. ಹುಳದ ಹಿಂದೆ ಹೋದವರ ಹಟ ಇಂಥದ್ದು.

ಗುರುತು ಹಿಡಿಯುವುದು ಎಂದರೇನು?

ಹುಳ ಹಿಡಿದ ಮಾತ್ರಕ್ಕೆ ಹೆಸರು ಸಿಗುವುದಿಲ್ಲ. ಮೊದಲು ಅದು ಯಾವ ಕುಟುಂಬ ಅಂತ ನೋಡಬೇಕು. ಹುಳವನ್ನು ಅಂಗಾತ ಮಲಗಿಸಿ. ಹಿಂಗಾಲಿನ ಬುಡದ ತಟ್ಟೆ ಹೊಟ್ಟೆಯ ಮೊದಲ ಪಟ್ಟಿಯನ್ನು ಎರಡು ಭಾಗವಾಗಿ ಸೀಳಿದಂತೆ ಕಂಡರೆ ಅದು ನೆಲಜೀರುಂಡೆ ಮತ್ತು ಅದರ ನೆಂಟರ ಗುಂಪು. ಮೀಸೆ ದಾರದಂತೆ ತೆಳ್ಳಗೆ, 11 ಗಂಟು. ಮುಂಗಾಲಿನಲ್ಲಿ ಒಂದು ಪುಟ್ಟ ಕಚ್ಚು ಇರುತ್ತದೆ. ಅದರಲ್ಲಿ ಬಾಚಣಿಗೆಯಂತೆ ಕೂದಲು. ಹುಳ ತನ್ನ ಮೀಸೆಯನ್ನು ಅದರೊಳಗೆ ಎಳೆದು ಸ್ವಚ್ಛ ಮಾಡಿಕೊಳ್ಳುತ್ತದೆ.

ಅಲ್ಲಿಂದ ಮುಂದೆ ಕುಲ ಮತ್ತು ಪ್ರಭೇದ. ಕುಲ ಎಂದರೆ ಮನೆತನದ ಹೆಸರಿನ ಹಾಗೆ, ಪ್ರಭೇದ ಎಂದರೆ ಅದರೊಳಗಿನ ಒಂದೊಂದು ಮನೆಯ ಹಾಗೆ. ಇಲ್ಲಿ ಬಣ್ಣ ನೋಡಿದರೆ ಸಾಲದು. ಎಲ್ಲವೂ ಕಪ್ಪು ಇಲ್ಲವೇ ಕಂದು. ಕಣ್ಣಿನ ಮೇಲೆ ಎಷ್ಟು ಉದ್ದ ಕೂದಲಿವೆ, ಕುತ್ತಿಗೆಯ ತಟ್ಟೆಯ ಅಂಚಿನಲ್ಲಿ ಎಷ್ಟಿವೆ, ಬೆನ್ನಿನ ಮುಚ್ಚಳದ ಗೆರೆಗಳು ಆಳವೋ ತೆಳುವೋ, ಗೆರೆಯ ನಡುವಿನ ಚುಕ್ಕಿಗಳು ಎಷ್ಟು, ಇವನ್ನೆಲ್ಲ ಭೂತಗನ್ನಡಿಯಲ್ಲಿ ಎಣಿಸಬೇಕು. ಕೊನೆಗೆ ಗಂಡು ಹುಳದ ಜನನಾಂಗವನ್ನು ಹೊರತೆಗೆದು ಅದರ ಆಕಾರ ನೋಡುತ್ತಾರೆ. ಬೀಗ, ಕೀಲಿಯ ಲೆಕ್ಕ ಇದು. ಹೊರಗೆ ಅವಳಿಜವಳಿಯಂತೆ ಕಾಣುವ ಎರಡು ಹುಳ ಒಳಗೆ ಬೇರೆಯೇ ಆಗಿರುತ್ತವೆ.

ಹೊಸ ಪ್ರಭೇದ ಎಂದು ತೀರ್ಮಾನವಾದರೆ ವಿವರಣೆ ಬರೆದು ಪ್ರಕಟಿಸಬೇಕು. ಆ ಹೆಸರಿಗೆ ಆಧಾರವಾದ ಹುಳವನ್ನು ಸೂಜಿ ಚುಚ್ಚಿ ಅಥವಾ ಕಾಗದದ ತುಂಡಿಗೆ ಅಂಟಿಸಿ ಸಂಗ್ರಹಾಲಯದಲ್ಲಿ ಕಾಪಾಡಬೇಕು. ಇದು ಮಾದರಿ ಹುಳ. ಜಮೀನಿಗೆ ಮೂಲ ಪಹಣಿ ಇದ್ದ ಹಾಗೆ. ನಾಳೆ ತಕರಾರು ಬಂದರೆ ಅದನ್ನೇ ತೆಗೆದು ನೋಡುವುದು. ಪಹಣಿ ಜೊತೆ ಸರ್ವೆ ನಂಬರು ಇರುವಂತೆ ಮಾದರಿ ಹುಳದ ಕೆಳಗೆ ಒಂದು ಚೀಟಿ: ಎಲ್ಲಿ ಸಿಕ್ಕಿತು, ಎಷ್ಟು ಎತ್ತರದಲ್ಲಿ, ಯಾವಾಗ, ಯಾರು ಹಿಡಿದರು. ಈ ಚೀಟಿಯನ್ನು ನೆನಪಿಡಿ. ಕಥೆ ಮುಂದೆ ತಿರುಗುವುದು ಇದರ ಮೇಲೆಯೇ.

ಪಾದ್ರಿ ಮತ್ತು ಡಾಕ್ಟರ್

1876ರಲ್ಲಿ ಥಾಮಸ್ ಬ್ಲ್ಯಾಕ್‌ಬರ್ನ್ ಎಂಬ ಇಂಗ್ಲಿಷ್ ಪಾದ್ರಿ ಹೊನೊಲುಲುವಿಗೆ ಬಂದರು. ಆಗ ಹವಾಯಿ ಇನ್ನೂ ಸ್ವತಂತ್ರ ರಾಜ್ಯ, ಅಲ್ಲಿ ರಾಜರಿದ್ದರು. ಬ್ಲ್ಯಾಕ್‌ಬರ್ನ್ ಅವರಿಗೆ ಚರ್ಚಿನ ಕೆಲಸ ಮುಗಿದ ಮೇಲೆ ಉಳಿದ ಹೊತ್ತೆಲ್ಲ ಜೀರುಂಡೆಗೆ. ಬೆಟ್ಟದ ಕಾಡಿಗೆ ಹೋಗಿ ತೊಗಟೆ ಎಬ್ಬಿಸಿ, ಎಲೆರಾಶಿ ಕೆದಕಿ ಹುಳ ಹಿಡಿಯುತ್ತಿದ್ದರು. ಹಿಡಿದದ್ದನ್ನು ಹಡಗಿನಲ್ಲಿ ಬ್ರಿಟನ್ನಿಗೆ ಕಳಿಸುತ್ತಿದ್ದರು.

ಅಲ್ಲಿ ಅದನ್ನು ಬಿಚ್ಚಿ ನೋಡುತ್ತಿದ್ದವರು ಡೇವಿಡ್ ಶಾರ್ಪ್. ಓದಿದ್ದು ವೈದ್ಯಕೀಯ, ಹೆಸರು ಮಾಡಿದ್ದು ಜೀರುಂಡೆಯಲ್ಲಿ. 1878ರಲ್ಲಿ ಶಾರ್ಪ್ ಒಂದು ಹೊಸ ಕುಲಕ್ಕೆ ಬ್ಲ್ಯಾಕ್‌ಬರ್ನಿಯಾ ಎಂದು ಹೆಸರಿಟ್ಟರು. ಹುಳ ಕಳಿಸಿದ ಪಾದ್ರಿಗೆ ಕೊಟ್ಟ ಗೌರವ ಅದು. ಬ್ಲ್ಯಾಕ್‌ಬರ್ನ್ ಆರು ವರ್ಷ ಅಲ್ಲಿದ್ದು 1882ರಲ್ಲಿ ಆಸ್ಟ್ರೇಲಿಯಕ್ಕೆ ಹೋದರು. ಅಲ್ಲಿಯೂ ಸುಮ್ಮನೆ ಕೂರಲಿಲ್ಲ. 1912ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಆಸ್ಟ್ರೇಲಿಯದ 3,000ಕ್ಕೂ ಹೆಚ್ಚು ಜೀರುಂಡೆ ಪ್ರಭೇದಗಳನ್ನು ವಿವರಿಸಿದ್ದರು. ಹವಾಯಿಯ ಜೀರುಂಡೆಗಳ ಬಗ್ಗೆ ಪಾದ್ರಿ ಮತ್ತು ಡಾಕ್ಟರ್ ಇಬ್ಬರೂ ಸೇರಿ 1885ರಲ್ಲಿ ಒಂದು ದೊಡ್ಡ ಪ್ರಬಂಧ ಪ್ರಕಟಿಸಿದರು.

ಇದರಿಂದ ಲಂಡನ್ನಿನ ವಿದ್ವಾಂಸರ ಕಿವಿ ನೆಟ್ಟಗಾಯಿತು. ಆ ದ್ವೀಪಗಳಲ್ಲಿ ಕಬ್ಬಿನ ತೋಟ ಏರುತ್ತಿತ್ತು, ದನಕರು ಬೆಟ್ಟಕ್ಕೆ ನುಗ್ಗಿದ್ದವು, ಕಾಡು ಇಳಿಯುತ್ತಿತ್ತು. ಈಗಲೇ ಲೆಕ್ಕ ಹಿಡಿಯದಿದ್ದರೆ ಕೈ ತಪ್ಪುತ್ತದೆ ಎಂದು ರಾಯಲ್ ಸೊಸೈಟಿ ಮತ್ತು ಬ್ರಿಟಿಷ್ ಅಸೋಸಿಯೇಷನ್ ಸೇರಿ ಒಂದು ಸಮಿತಿ ಮಾಡಿದವು. ಸಮಿತಿ ಒಬ್ಬ ಯುವಕನನ್ನು ಆರಿಸಿ ಕಳಿಸಿತು.

ಬೆಟ್ಟದ ಮೇಲೆ ಒಂಟಿ ಡೇರೆ

ಆ ಯುವಕ ರಾಬರ್ಟ್ ಸಿರಿಲ್ ಲೇಟನ್ ಪರ್ಕಿನ್ಸ್. ಆಕ್ಸ್‌ಫರ್ಡಿನಲ್ಲಿ ಓದಿದವರು. 1892ರಲ್ಲಿ ಹೊನೊಲುಲುವಿನಲ್ಲಿ ಇಳಿದಾಗ ವಯಸ್ಸು 25. ಮುಂದಿನ ಹಲವು ವರ್ಷ ದ್ವೀಪದಿಂದ ದ್ವೀಪಕ್ಕೆ ಹೋದರು. ಮಳೆ, ಮಂಜು, ಕೆಸರಿನ ಬೆಟ್ಟಗಳಲ್ಲಿ ವಾರಗಟ್ಟಲೆ ಡೇರೆಯಲ್ಲಿ ಕಳೆದರು, ಹೆಚ್ಚಾಗಿ ಒಂಟಿಯಾಗಿ. ಹಕ್ಕಿ, ಬಸವನಹುಳ, ಜೇನು, ಕಣಜ, ಜೀರುಂಡೆ, ಯಾವುದನ್ನೂ ಬಿಡಲಿಲ್ಲ.

ಈ ಎಲ್ಲ ಸಂಗ್ರಹ ಇಂಗ್ಲೆಂಡಿಗೆ ಹೋಗಿ ‘ಫೌನಾ ಹವಾಯಿಯೆನ್ಸಿಸ್’ ಎಂಬ ಸಂಪುಟಗಳಾಗಿ 1899ರಿಂದ 1913ರವರೆಗೆ ಬಿಡಿಬಿಡಿಯಾಗಿ ಅಚ್ಚಾಯಿತು. ಸಂಪಾದಕರು ಅದೇ ಡೇವಿಡ್ ಶಾರ್ಪ್. ನೆಲಜೀರುಂಡೆಯ ಭಾಗವನ್ನು ಶಾರ್ಪ್ 1903ರಲ್ಲಿ ಬರೆದರು. ಕೊನೆಗೆ 1913ರಲ್ಲಿ ಪರ್ಕಿನ್ಸ್ ಬರೆದ ಮುನ್ನುಡಿ ಬಂತು. ದ್ವೀಪಗಳ ಇಡೀ ಜೀವಲೋಕದ ಪರಿಚಯ ಅದು. ಅದಕ್ಕೂ ಮೊದಲೇ, 1912ರಲ್ಲಿ, ಲಂಡನ್ನಿನ ಲಿನಿಯನ್ ಸೊಸೈಟಿ ಅವರಿಗೆ ತನ್ನ ಪದಕ ಕೊಟ್ಟಿತ್ತು.

ಪರ್ಕಿನ್ಸ್ ಹುಳ ಹಿಡಿದು ಸುಮ್ಮನಾದವರಲ್ಲ, ಸುತ್ತ ಏನಾಗುತ್ತಿದೆ ಎಂದೂ ನೋಡಿದರು. ಹವಾಯಿಯಲ್ಲಿ ಮೂಲದಲ್ಲಿ ಇರುವೆಯೇ ಇರಲಿಲ್ಲ. ಹೌದು, ಒಂದೇ ಒಂದು ಇರುವೆ ಪ್ರಭೇದವೂ ಅಲ್ಲಿನದಲ್ಲ. ಹಡಗುಗಳ ಸರಕಿನ ಜೊತೆ ಬಂದವು. ಅದರಲ್ಲಿ ಕೆಟ್ಟದ್ದು ಆಫ್ರಿಕ ಮೂಲದ ದೊಡ್ಡತಲೆ ಇರುವೆ, ಫೀಡೋಲೆ ಮೆಗಾಸೆಫಾಲಾ. ತಗ್ಗಿನ ಕಾಡಿನಲ್ಲಿ ಈ ಇರುವೆ ಎಲ್ಲಿದೆಯೋ ಅಲ್ಲಿ ಸ್ಥಳೀಯ ಜೀರುಂಡೆಗಳು ಕಾಣೆಯಾಗಿವೆ ಎಂದು ಪರ್ಕಿನ್ಸ್ ಅಂದೇ ಬರೆದಿಟ್ಟರು. ಲಕ್ಷಾಂತರ ವರ್ಷ ಇರುವೆಯನ್ನೇ ಕಾಣದ ಹುಳ ಅದು. ರೆಕ್ಕೆ ಇಲ್ಲ, ಓಡಿ ಬೇರೆ ಬೆಟ್ಟಕ್ಕೆ ಹೋಗುವಂತಿಲ್ಲ. ಸೈನ್ಯದಂತೆ ಬರುವ ಇರುವೆಯ ಮುಂದೆ ಅದರ ಮೊಟ್ಟೆ, ಮರಿಗೆ ರಕ್ಷಣೆ ಎಲ್ಲಿ?

ನಮ್ಮ ಓದುಗರಿಗೆ ಪರಿಚಯದ ಒಂದು ಗಿಡವೂ ಪರ್ಕಿನ್ಸ್ ಕಥೆಯಲ್ಲಿ ಬರುತ್ತದೆ. ನಮ್ಮ ಕಾಡಂಚು, ಗೋಮಾಳಗಳನ್ನು ನುಂಗಿದ ಅದೇ ಲಂಟಾನ. ಅದು ಹವಾಯಿಯನ್ನೂ ನುಂಗಿತ್ತು. 1902ರಲ್ಲಿ ಆಲ್ಬರ್ಟ್ ಕೀಬೆಲೆ ಎಂಬುವರು ಮೆಕ್ಸಿಕೊದಿಂದ ಲಂಟಾನ ತಿನ್ನುವ ಕೀಟಗಳನ್ನು ಕಳಿಸಿದರು. ಅವನ್ನು ಹೊನೊಲುಲುವಿನಲ್ಲಿ ಬರಮಾಡಿಕೊಂಡು, ಸಾಕಿ ಬಿಟ್ಟವರಲ್ಲಿ ಪರ್ಕಿನ್ಸ್ ಒಬ್ಬರು. ಮುಂದೆ ಅವರು ಕಬ್ಬು ಬೆಳೆಗಾರರ ಸಂಘದ ಕೀಟತಜ್ಞರಾಗಿ ಕೆಲಸ ಮಾಡಿದರು. ಹೊರಗಿನಿಂದ ಬಂದ ಜೀವಿ ಏನು ಮಾಡಬಲ್ಲದು ಎಂಬುದನ್ನು ಎರಡೂ ಕಡೆಯಿಂದ ಕಂಡ ಮನುಷ್ಯ.

ಬೋಳುತಲೆಯವರೆಲ್ಲ ಒಂದೇ ಮನೆಯವರೇ?

ಈಗ ವಿಂಗಡಣೆಯ ಕಥೆಗೆ ಬರೋಣ. ಶಾರ್ಪ್ ಅವರ ಮುಂದೆ ನೂರಾರು ಕರಿಹುಳ. ಇವನ್ನು ಗುಂಪು ಮಾಡಬೇಕು. ಅವರು ಹೆಚ್ಚು ನೆಚ್ಚಿಕೊಂಡದ್ದು ಮೈಮೇಲಿನ ಆ ಉದ್ದ ಕೂದಲುಗಳನ್ನು. ಕಣ್ಣಿನ ಮೇಲೆ ಎರಡಿದ್ದರೆ ಒಂದು ಕುಲ, ಒಂದಿದ್ದರೆ ಇನ್ನೊಂದು, ಕುತ್ತಿಗೆಯ ಅಂಚಿನಲ್ಲಿ ಇಲ್ಲದಿದ್ದರೆ ಮತ್ತೊಂದು. ಹೀಗೆ ಕುಲಗಳ ದೊಡ್ಡ ಪಟ್ಟಿಯೇ ಆಯಿತು.

ಕೆಲಸ ಅಚ್ಚುಕಟ್ಟಾಗಿತ್ತು, ಆದರೆ ಒಂದು ತೊಡಕು ಉಳಿಯಿತು. ಊರಿನ ಬೋಳುತಲೆಯವರನ್ನೆಲ್ಲ ಸೇರಿಸಿ ಇವರೆಲ್ಲ ಒಂದೇ ಮನೆತನ ಎಂದು ಬರೆದರೆ ಹೇಗಿರುತ್ತದೆ? ಕೂದಲು ಉದುರುವುದು ಯಾವ ಮನೆಯಲ್ಲೂ ಆಗಬಹುದು. ಅಣ್ಣನಿಗೆ ಉದುರಿ ತಮ್ಮನಿಗೆ ಉಳಿದಿರಬಹುದು. ಹವಾಯಿಯ ಜೀರುಂಡೆಗಳಲ್ಲಿ ಆಗಿದ್ದೂ ಅದೇ. ಬೇರೆ ಬೇರೆ ದ್ವೀಪಗಳಲ್ಲಿ, ಬೇರೆ ಬೇರೆ ಕವಲುಗಳಲ್ಲಿ, ಕೂದಲು ಮತ್ತೆ ಮತ್ತೆ ಕಳೆದುಹೋಗಿತ್ತು. ರೆಕ್ಕೆಯೂ ಹಾಗೆಯೇ.

1948ರಲ್ಲಿ ಇ. ಬಿ. ಬ್ರಿಟನ್ ಎಂಬ ಇಂಗ್ಲಿಷ್ ತಜ್ಞರು ಮೆಸಿಕ್ಲೊಥೊರಾಕ್ಸ್ ಬಳಗವನ್ನು ಪರಿಷ್ಕರಿಸಿ ಶಾರ್ಪ್ ಬೇರೆ ಬೇರೆ ಇಟ್ಟಿದ್ದ ಕೆಲವನ್ನು ಒಂದೇ ಸೂರಿಗೆ ತಂದರು. ಅದೇ ವರ್ಷ ಎಲ್ವುಡ್ ಜಿಮ್ಮರ್‌ಮನ್ ಅವರ ‘ಇನ್ಸೆಕ್ಟ್ಸ್ ಆಫ್ ಹವಾಯಿ’ ಮಾಲಿಕೆಯ ಮೊದಲ ಸಂಪುಟಗಳು ಬಂದವು. ಅದಾಗಿ 50 ವರ್ಷದ ಮೇಲೆ, 1998ರಲ್ಲಿ, ಕಾರ್ನೆಲ್ ವಿಶ್ವವಿದ್ಯಾಲಯದ ಜೇಮ್ಸ್ ಲೀಬ್‌ಹರ್ ಮತ್ತು ಅದೇ ಜಿಮ್ಮರ್‌ಮನ್ ಸೇರಿ 128 ಪ್ರಭೇದಗಳ ವಂಶವೃಕ್ಷ ಬರೆದರು. ಒಂದು ಲಕ್ಷಣಕ್ಕೆ ಜೋತುಬೀಳದೆ ಕೂದಲು, ಕಾಲು, ಗೆರೆ, ಗಂಡುಹೆಣ್ಣಿನ ಒಳಾಂಗ ಎಲ್ಲವನ್ನೂ ಒಟ್ಟಿಗೆ ತೂಗಿ ನೋಡಿದರು. ಫಲಿತಾಂಶ: ಆ ಬಳಗವೆಲ್ಲ ಒಂದೇ ಪೂರ್ವಜನ ಸಂತಾನ. 2000ದಲ್ಲಿ ಬಂದ ಅವರ ಪುಸ್ತಕದಲ್ಲಿ ಶಾರ್ಪ್ ಅವರ ಅಷ್ಟೂ ಕುಲಗಳು ಹೋಗಿ ಒಂದೇ ಹೆಸರು ಉಳಿಯಿತು: ಬ್ಲ್ಯಾಕ್‌ಬರ್ನಿಯಾ. 1878ರಲ್ಲಿ ಪಾದ್ರಿಯ ಗೌರವಕ್ಕೆ ಇಟ್ಟ ಹೆಸರೇ ಹಿರಿಯದು, ನಿಯಮದ ಪ್ರಕಾರ ಹಿರಿಯ ಹೆಸರಿಗೇ ಹಕ್ಕು.

ಶಾರ್ಪ್ ಅವರ ಕುಲಗಳು ಹೋದವು, ಆದರೆ ಅವರು ಹೆಸರಿಟ್ಟ ಮಾದರಿ ಹುಳಗಳು ಇದ್ದವು. ಪೆಟ್ಟಿಗೆಯಲ್ಲಿ ಹುಳವೂ ಚೀಟಿಯೂ ಉಳಿದಿದ್ದರಿಂದಲೇ ಮುಂದಿನವರಿಗೆ ಮತ್ತೆ ತೆಗೆದು ನೋಡಿ ತಿದ್ದಲು ಆಯಿತು. ವಿಜ್ಞಾನದಲ್ಲಿ ತೀರ್ಮಾನ ಬದಲಾಗುತ್ತದೆ, ಸಾಕ್ಷಿ ಬದಲಾಗಬಾರದು. ನಮ್ಮ ಪತ್ರಿಕಾ ಕೆಲಸಕ್ಕೂ ಇದೇ ಮಾತು ಸಲ್ಲುತ್ತದೆ.

ಒಂದು ಬೆಟ್ಟ, 116 ಪ್ರಭೇದ

ಮಾವಿ ದ್ವೀಪದಲ್ಲಿ ಹಲೆಯಾಕಲಾ ಎಂಬ ಜ್ವಾಲಾಮುಖಿ ಬೆಟ್ಟವಿದೆ. ಎತ್ತರ 3,055 ಮೀಟರ್. ನಮ್ಮ ಮುಳ್ಳಯ್ಯನಗಿರಿಯ ಒಂದೂವರೆ ಪಟ್ಟಿಗಿಂತ ಹೆಚ್ಚು. 2015ರಲ್ಲಿ ಲೀಬ್‌ಹರ್ ಈ ಒಂದೇ ಬೆಟ್ಟದ ಮೆಸಿಕ್ಲೊಥೊರಾಕ್ಸ್‌ಗಳ ಲೆಕ್ಕ ಪ್ರಕಟಿಸಿದರು. ಒಟ್ಟು 116 ಪ್ರಭೇದ. ಅದರಲ್ಲಿ 74 ಅಲ್ಲಿಯವರೆಗೆ ಹೆಸರೇ ಇಲ್ಲದವು. ಇಡೀ ಹವಾಯಿಯಲ್ಲಿ ಈ ಕುಲದ 239 ಪ್ರಭೇದಗಳು ಲೆಕ್ಕಕ್ಕೆ ಸಿಕ್ಕಿವೆ.

ಒಂದೇ ಬೆಟ್ಟದಲ್ಲಿ ಇಷ್ಟೊಂದು ಹೇಗೆ? ಬೆಟ್ಟದ ಒಂದು ಮಗ್ಗುಲಿಗೆ ವಿಪರೀತ ಮಳೆ, ಇನ್ನೊಂದು ಮಗ್ಗುಲು ಒಣ. ಮೇಲೆ ಚಳಿ, ಕೆಳಗೆ ಬಿಸಿ. ನಡುವೆ ಆಳವಾದ ಕಣಿವೆಗಳು ಕಾಡನ್ನು ತುಂಡು ಮಾಡಿವೆ. ರೆಕ್ಕೆ ಇಲ್ಲದ ಹುಳಕ್ಕೆ ಒಂದು ಕಣಿವೆ ದಾಟುವುದೆಂದರೆ ನಮಗೆ ಸಮುದ್ರ ದಾಟಿದ ಹಾಗೆ. ಈ ದಂಡೆಯದು, ಆ ದಂಡೆಯದು ಸಾವಿರಾರು ತಲೆಮಾರು ಕೂಡದೆ ಉಳಿದರೆ ಕೊನೆಗೆ ಬೇರೆಯೇ ಆಗುತ್ತವೆ.

ಇವನ್ನು ಹಿಡಿಯುವ ಬಗೆಯೂ ಬದಲಾಗಿತ್ತು. ಮರದ ಕಾಂಡಕ್ಕೆ ದಪ್ಪಗೆ ಹಾಸಿಕೊಂಡ ಪಾಚಿಯೊಳಗೆ ಎಷ್ಟೋ ಪ್ರಭೇದಗಳಿರುತ್ತವೆ. ಕೆಳಗೆ ಹಾಳೆ ಹಿಡಿದು, ಸೇವಂತಿಗೆ ಜಾತಿಯ ಹೂವಿನಿಂದ ತೆಗೆಯುವ ಪೈರೆಥ್ರಿನ್ ಎಂಬ ಔಷಧವನ್ನು ಪಾಚಿಯ ಮೇಲೆ ಮಂಜಿನಂತೆ ಸಿಂಪಡಿಸುತ್ತಾರೆ. ಹುಳಗಳು ಹೊರಬಂದು ಉದುರುತ್ತವೆ. ಪರ್ಕಿನ್ಸ್ ಕೈಗೆ ಸಿಗದ ಹುಳಗಳು ಹೀಗೆ ಸಿಕ್ಕವು. ಲಾವಾ ಹರಿದು ಉಳಿದ ಸುರಂಗಗಳಲ್ಲೂ ಜೀವವಿದೆ ಎಂದು 1971ರಿಂದ ಫ್ರಾನ್ಸಿಸ್ ಹೋವರ್ತ್ ತೋರಿಸಿಕೊಟ್ಟ ಮೇಲೆ ಕತ್ತಲ ಗುಹೆಯ ಹುಳಗಳೂ ಲೆಕ್ಕಕ್ಕೆ ಸೇರಿದವು.

ನೂರು ವರ್ಷದ ಹಿಂದಿನ ಚೀಟಿ

ಈಗ ಆ ಚೀಟಿಯ ಮಾತು. 1997ರಲ್ಲಿ ಲೀಬ್‌ಹರ್ ಮತ್ತು ಡ್ಯಾನ್ ಪೊಲ್ಹೆಮಸ್ ಒಂದು ಕೆಲಸದ ವರದಿ ಕೊಟ್ಟರು. ಪರ್ಕಿನ್ಸ್ 1890ರ ದಶಕದಲ್ಲಿ ಹುಳ ಹಿಡಿದಿದ್ದ ಪ್ರದೇಶಗಳಲ್ಲಿ ನೂರು ವರ್ಷದ ಮೇಲೆ ಮತ್ತೆ ಹುಡುಕಿ ಸಿಕ್ಕದ್ದನ್ನು ಹೋಲಿಸಿದ ಲೆಕ್ಕ ಅದು. ಕೆಲವು ಪ್ರಭೇದ ಅದೇ ಜಾಗದಲ್ಲಿ ಸಿಕ್ಕವು. ಕೆಲವು ಎಷ್ಟು ಹುಡುಕಿದರೂ ಸಿಗಲಿಲ್ಲ. ಬ್ಲ್ಯಾಕ್‌ಬರ್ನ್, ಪರ್ಕಿನ್ಸ್ ಹಿಡಿದ ಕೆಲವು ಹುಳಗಳು ಈಗ ಪೆಟ್ಟಿಗೆಯಲ್ಲಿ ಮಾತ್ರ ಇವೆ.

ಇನ್ನೂ ಹಿಂದಕ್ಕೆ ಹೋದರೆ ಮನಸ್ಸು ಭಾರವಾಗುತ್ತದೆ. ಕವಾಯಿ ದ್ವೀಪದ ಕಡಲ ತೀರದಲ್ಲಿ ಮಕಾವಾಹಿ ಎಂಬ ಗುಹೆ ಇದೆ. ಅದರ ತಳದ ಕೆಸರಿನಲ್ಲಿ ಸಾವಿರಾರು ವರ್ಷದ ಕಸ ಪದರ ಪದರವಾಗಿ ಕೂತಿದೆ. ಡೇವಿಡ್ ಬರ್ನಿ ಅವರ ತಂಡ ಅದನ್ನು ಅಗೆದು ಜರಡಿ ಹಿಡಿಯಿತು. ಅದರಲ್ಲಿ ಜೀರುಂಡೆಗಳ ತಲೆ, ಕುತ್ತಿಗೆ ತಟ್ಟೆ, ರೆಕ್ಕೆ ಮುಚ್ಚಳದ ಚೂರುಗಳು ಸಿಕ್ಕವು. 2015ರಲ್ಲಿ ಲೀಬ್‌ಹರ್ ಮತ್ತು ನಿಕ್ ಪೋರ್ಚ್ ಆ ಚೂರುಗಳನ್ನು ಜೋಡಿಸಿ 7 ಹೊಸ ಬ್ಲ್ಯಾಕ್‌ಬರ್ನಿಯಾ ಪ್ರಭೇದಗಳನ್ನು ಗುರುತಿಸಿದರು. ಒಂದಕ್ಕೆ ಬರ್ನಿ ಅವರ ಹೆಸರು. ಇನ್ನೊಂದಕ್ಕೆ ಜಪಾನಿ ಸಿನಿಮಾದ ದೈತ್ಯ ಗಾಡ್ಜಿಲ್ಲಾನ ಹೆಸರು. ಏಳೂ ಅಳಿದುಹೋದವು. ಹೆಸರು ಸಿಗುವ ಹೊತ್ತಿಗೆ ಹುಳ ಇರಲಿಲ್ಲ.

ಇದರಿಂದ ತಿಳಿದದ್ದು ದೊಡ್ಡ ಸಂಗತಿ. ಈಗ ಬೆಟ್ಟದ ಮೇಲೆ ಮಾತ್ರ ಕಾಣುವ ಈ ಬಳಗ ಒಂದು ಕಾಲಕ್ಕೆ ಕಡಲ ತೀರದವರೆಗೂ ಇತ್ತು. ಮನುಷ್ಯ ಬಂದ, ಇಲಿ ಬಂತು, ಇರುವೆ ಬಂತು, ತಗ್ಗಿನ ಕಾಡು ಹೋಯಿತು. ಪರ್ಕಿನ್ಸ್ ಬರುವ ಹೊತ್ತಿಗೇ ಅರ್ಧ ಪುಟ ಹರಿದುಹೋಗಿದ್ದ ಪುಸ್ತಕ ಅದು. ಉಳಿದ ಪುಟಗಳನ್ನು ಅವರು ಓದಿ ಬರೆದಿಟ್ಟರು.

ನಮ್ಮ ಕಡೆಯ ಪುಟ

ಈ ಕಥೆಗೆ ನಮ್ಮ ಸೀಮೆಯಲ್ಲೂ ಒಂದು ಸಮಾನ ಅಧ್ಯಾಯವಿದೆ. ಪಕ್ಕದ ಸಿಂಹಳ ದ್ವೀಪದಲ್ಲಿ 1850ರ ದಶಕದಲ್ಲಿ ನೀಟ್ನರ್ ಎಂಬ ಜರ್ಮನ್ ಕಾಫಿ ಬೆಳೆಗಾರ ಅಲ್ಲಿನ ನೆಲಜೀರುಂಡೆಗಳನ್ನು ವಿವರಿಸಿದರು. ಅವರೇ 1861ರಲ್ಲಿ ಕಾಫಿ ಗಿಡದ ಶತ್ರುಗಳ ಬಗ್ಗೆ ಪುಸ್ತಕ ಬರೆದರು. ತೋಟ ನೋಡುವ ಕಣ್ಣೇ ಹುಳವನ್ನೂ ನೋಡಿತು. ಮುಂದೆ ಎಚ್. ಇ. ಆಂಡ್ರೂಸ್ ಭಾರತ, ಸಿಂಹಳ, ಬರ್ಮಾದ ನೆಲಜೀರುಂಡೆಗಳ ಮೇಲೆ 1929 ಮತ್ತು 1935ರಲ್ಲಿ ‘ಫೌನಾ ಆಫ್ ಬ್ರಿಟಿಷ್ ಇಂಡಿಯಾ’ ಮಾಲಿಕೆಯಲ್ಲಿ ಎರಡು ಸಂಪುಟ ತಂದರು. ಎರಡನೆಯದರ ಮೇಲೆ ‘ಒಂದನೇ ಭಾಗ’ ಎಂದಿತ್ತು. ಅದರ ಮುಂದಿನ ಭಾಗ ಆ ಮಾಲಿಕೆಯಲ್ಲಿ ಬರಲೇ ಇಲ್ಲ. ಅದೇ ಕಾಲದಲ್ಲಿ ಕಾರವಾರದಲ್ಲಿ ಅರಣ್ಯ ಅಧಿಕಾರಿಯಾಗಿದ್ದ ಟಿ. ಆರ್. ಬೆಲ್ ಉತ್ತರ ಕನ್ನಡದ ಕಾಡಿನ ಚಿಟ್ಟೆ, ಪತಂಗ, ಗಿಡಗಳನ್ನು ದಾಖಲಿಸುತ್ತ ಅಲ್ಲೇ ಬದುಕಿ 1948ರಲ್ಲಿ ಅಲ್ಲೇ ತೀರಿಕೊಂಡರು.

ಪಶ್ಚಿಮ ಘಟ್ಟದ ತುದಿಯ ಶೋಲಾ ಕಾಡುಗಳು ಸಮುದ್ರದ ನಡುವಿನ ದ್ವೀಪಗಳ ಹಾಗೆಯೇ. ಸುತ್ತಲೂ ಹುಲ್ಲುಗಾವಲು, ಕೆಳಗೆ ಬಿಸಿಲ ನಾಡು, ನಡುವೆ ಮಂಜಿನ ಕಾಡಿನ ತುಣುಕು. ಡಾರ್ಲಿಂಗ್ಟನ್ ಬೆಟ್ಟ ಮತ್ತು ದ್ವೀಪಗಳನ್ನು ಒಂದೇ ಪ್ರಬಂಧದಲ್ಲಿ ಇಟ್ಟು ನೋಡಿದ್ದು ಇದೇ ಕಾರಣಕ್ಕೆ. ಅಲ್ಲಿ ಕಲ್ಲು ಕೆಳಗೆ ಓಡುವ ಹುಳಕ್ಕೂ ಪಕ್ಕದ ಬೆಟ್ಟ ದೂರವೇ.

ಹೊಲದ ಮಾತಿಗೆ ಬಂದರೆ, ರಾತ್ರಿ ಕಂಬಳಿಹುಳ ತಿನ್ನುವ ಈ ಕಾವಲುಗಾರರಿಗೂ ಬೆಳೆಗೆ ಹೊಡೆಯುವ ವಿಷಕ್ಕೂ ಆಗಿಬರುವುದಿಲ್ಲ. ವಿಷಕ್ಕೆ ಶತ್ರು, ಮಿತ್ರ ಎಂಬ ಭೇದವಿಲ್ಲ. ಬದುವಿನ ಹುಲ್ಲು, ಕಲ್ಲುರಾಶಿ, ಎಲೆಕಸವನ್ನೆಲ್ಲ ಬೋಳಿಸಿ ಸುಟ್ಟರೆ ಅವುಗಳ ಮನೆ ಹೋಯಿತು. ಒಂದಿಷ್ಟು ಬದು ಹಾಗೆಯೇ ಬಿಟ್ಟರೆ ಅವೂ ಇರುತ್ತವೆ.

ಮುಂದಿನ ಸಲ ಕರಿಹುಳ ಕಂಡರೆ ತುಳಿಯುವ ಮೊದಲು ಒಂದು ಫೋಟೊ ತೆಗೆಯಿರಿ. ಮೇಲಿನಿಂದ ಒಂದು, ಪಕ್ಕದಿಂದ ಒಂದು. ಹೊಗೆ ಬಿಡುವ ಜಾತಿ ಇರುವುದರಿಂದ ಬರಿಗೈಯಲ್ಲಿ ಮುಟ್ಟಬೇಡಿ. ಫೋಟೊ ಜೊತೆ ಊರು, ಹೊಲವೋ ಕಾಡೋ, ತಾರೀಕು ಬರೆದಿಡಿ. ಬೆಂಗಳೂರಿನ ಜಿಕೆವಿಕೆ ಕೃಷಿ ವಿಶ್ವವಿದ್ಯಾಲಯದಲ್ಲೂ, ಹೆಬ್ಬಾಳದ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೊದಲ್ಲೂ ಕೀಟ ಗುರುತಿಸುವ ತಜ್ಞರಿದ್ದಾರೆ. ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದ ಮೂಲಕವೂ ಕೇಳಬಹುದು. ಜಾಗ ಮತ್ತು ತಾರೀಕು ಇಲ್ಲದ ಹುಳ ಬರೀ ಹುಳ. ಅವೆರಡೂ ಇದ್ದರೆ, ನೂರು ವರ್ಷದ ಮೇಲೆ ಬಂದು ಹುಡುಕುವವರಿಗೆ ಅದು ಸಾಕ್ಷಿ.